ಹಕ್ಕಿಮಾತು ಕೇಳಿದವನ ಹಲಗೆ

ಗುಡಗೇರಿಯ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಸಾಗವಾನಿ ಹಲಗೆಯನ್ನು ನಿಲ್ಲಿಸಿದ್ದೇನೆ. ಕಿಟಕಿಯ ಬಾಗಿಲಿನಷ್ಟು ದೊಡ್ಡದು, ಕೆತ್ತನೆಯದು. ನಡುವೆ ಒಂದು ಮರ. ಮರದ ಬುಡದಲ್ಲಿ ಬೆಂಕಿ, ಬೆಂಕಿಯ ಮುಂದೆ ತುದಿಗಾಲಲ್ಲಿ ಕೂತ ಹುಡುಗ. ಅವನ ಹೆಬ್ಬೆರಳು ಬಾಯೊಳಗಿದೆ, ಮುಖ ಮೇಲಕ್ಕೆ ಎತ್ತಿದೆ. ಕೊಂಬೆಯ ಮೇಲೆ ಹಕ್ಕಿಗಳು. ಹುಡುಗನ ಎಡಕ್ಕೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಶರಣ, ಬಲಕ್ಕೆ ಕೊಡಲಿ ಹಿಡಿದು ನಿಂತ ಪರದೇಶದ ಸಂತ, ಕೆಳಮೂಲೆಯಲ್ಲಿ ಒಂದು ಖಾಲಿ ಚಾಪೆ, ಪಕ್ಕದಲ್ಲಿ ದೀಪ. ಮನೆಗೆ ಹೊಸಬರು ಬಂದರೆ "ಇದು ಯಾವ ದೇವ್ರರೀ ಟೀಚರ್?" ಎಂದು ಕೇಳುತ್ತಾರೆ. "ದೇವ್ರಲ್ಲ ಬಿಡ್ರಿ, ನಮ್ಮಪ್ಪ ಕೆತ್ತಿದ್ದು" ಎಂದಷ್ಟೇ ಹೇಳಿ ಚಹಾ ಮಾಡಲು ಒಳಗೆ ಹೋಗುತ್ತೇನೆ. ಎಲ್ಲ ಹೇಳಲು ಹೊತ್ತು ಬೇಕು, ಕೇಳುವವರಿಗೂ ವ್ಯವಧಾನ ಬೇಕು.

ಅಪ್ಪ ಬಮ್ಮಿಗಟ್ಟಿಯಲ್ಲಿ ತೊಟ್ಟಿಲು ಮಾಡುತ್ತಿದ್ದ. ಕಲಘಟಗಿ ಕಡೆಯ ಬಣ್ಣದ ತೊಟ್ಟಿಲು ಅಂದರೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು; ಮಗಳ ಮೊದಲ ಹೆರಿಗೆಗೆ ಅದನ್ನೇ ಬೇಕೆಂದು ದೂರದೂರದವರು ಹೇಳಿಕಳಿಸುತ್ತಿದ್ದರು. ಕಟ್ಟಿಗೆ ಕೆಲಸ, ಕೆತ್ತನೆ ಅಪ್ಪನದು. ಬಣ್ಣ ಮಾತ್ರ ಅವನ ಗೆಳೆಯನದು. ಆ ಗೆಳೆಯನನ್ನು ನಾನು ಹುಟ್ಟಿದಾಗಿನಿಂದ ಕಾಕಾ ಎಂದೇ ಕರೆದವಳು. ಅವರ ಮನೆ ನಮ್ಮ ಹಿಂದಿನ ಓಣಿಯಲ್ಲಿ, ದರ್ಗಾಕ್ಕೆ ಹತ್ತಿರ. ಅಪ್ಪ ಕೆತ್ತಿದ ಹಲಗೆ ಕಾಕಾನ ಕೈಗೆ ಹೋಗಿ ಕೆಂಪು, ಹಳದಿ, ಹಸಿರಾಗಿ ಮಿಂಚುತ್ತ ಮರಳಿ ಬರುತ್ತಿತ್ತು. ಕಾಕಾ ಒಳ್ಳೆಯ ಹಾಡುಗಾರ. ಮಠದ ಭಜನೆಗೂ ಅವನೇ, ಉರುಸಿಗೂ ಅವನೇ. ಕೆಲಸದ ಹೊತ್ತಿನಲ್ಲಿ ತತ್ವಪದ ಹಿಡಿದನೆಂದರೆ ಅಪ್ಪನ ಕೊಡತಿಯ ಏಟು ತಾನಾಗಿ ತಾಳಕ್ಕೆ ಕೂಡುತ್ತಿತ್ತು. ಅಪ್ಪನಿಗೆ ಹಾಡಲು ಬರುತ್ತಿರಲಿಲ್ಲ, ಆದರೆ ಹಾಡಿಲ್ಲದೆ ಅವನ ಉಳಿ ಓಡುತ್ತಿರಲಿಲ್ಲ.

ನನಗೆ ಗುಡಗೇರಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ಇಲ್ಲೇ ಮನೆ ಮಾಡಿದ ಮೇಲೆ ಅಪ್ಪ ದಿನಾ ಸಂಜೆ ಫೋನು ಮಾಡುತ್ತಿದ್ದ. ಹೇಳಲು ಅಂಥದ್ದೇನೂ ಇರುತ್ತಿರಲಿಲ್ಲ. "ಊಟಾತೇನಬೇ?" "ಇನ್ನೂ ಇಲ್ಲಪ್ಪ." "ಯಾಕ?" "ಇನ್ನೂ ಏಳ ಹೊಡದಿಲ್ಲ." "ಹಂಗಾದ್ರ ಉಣ್ಣ." ಇಷ್ಟೇ. ಈ ಮಾತಿಗೆ ನಾನು ಬೇಸರಿಸಿದ್ದೂ ಉಂಟು. ಆಮೇಲೆ ಫೋನಿನಲ್ಲಿ "ಆಂ? ಆಂ?" ಎನ್ನುವುದು ಹೆಚ್ಚಾಯಿತು. ಕಡೆಕಡೆಗೆ "ತಡಿ, ನಿಮ್ಮವ್ವಗ ಕೊಡ್ತೇನಿ" ಎಂದು ಮೊದಲೇ ಹೇಳಿಬಿಡುತ್ತಿದ್ದ. ಮತ್ತೂ ಕೆಲವು ದಿನಕ್ಕೆ ಅವ್ವನೇ ಫೋನು ಮಾಡತೊಡಗಿದಳು.

ಹುಬ್ಬಳ್ಳಿಯ ಡಾಕ್ಟರು ನರ ಬತ್ತಿದೆ ಎಂದರು. ವರ್ಷಗಟ್ಟಲೆ ಕಟ್ಟಿಗೆಗೆ ರಂದಾ ಹೊಡೆದು ನುಣುಪು ಮಾಡುವ ಮಶೀನಿನ ಮುಂದೆ ನಿಂತದ್ದೂ ಇರಬಹುದು, ವಯಸ್ಸೂ ಇರಬಹುದು ಎಂದರು. ಕಿವಿಗೆ ಹಾಕುವ ಮಶೀನು ಕೊಡಿಸಿದೆವು. ಅಪ್ಪ ಅದನ್ನು ಹಾಕಿಕೊಂಡು ಸ್ವಲ್ಪ ಹೊತ್ತು ಕೂತ. "ಹೊಳಿ ಬಂದಂಗ ಆಕ್ಕೈತಿ. ಮಾತಿಲ್ಲ, ಬರೇ ಸಪ್ಪಳ" ಎಂದು ತೆಗೆದು ಡಬ್ಬಿಯೊಳಗಿಟ್ಟ. ಮತ್ತೆ ಹಾಕಲಿಲ್ಲ.

ಕಿವಿ ಹೋದದ್ದಕ್ಕಿಂತ ನಮಗೆ ಹೆಚ್ಚು ಕಷ್ಟವಾದದ್ದು ಆಮೇಲಿನದು. ನಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಕೂತು ಅಪ್ಪ ಪಕ್ಕದವರನ್ನು ಏನೋ ಕೇಳಿದ. ಅವನಿಗೆ ತನ್ನ ದನಿ ತನಗೇ ಕೇಳುತ್ತಿರಲಿಲ್ಲವಲ್ಲ, ಇಡೀ ಮಂಟಪ ತಿರುಗಿ ನೋಡುವಷ್ಟು ಜೋರಾಗಿ ಕೇಳಿದ. ಹುಡುಗಿಯರು ನಕ್ಕರು. ಅಪ್ಪನಿಗೆ ನಗು ಕೇಳಿಸಲಿಲ್ಲ, ಮುಖಗಳು ಕಾಣಿಸಿದವು. ಅವತ್ತಿನಿಂದ ಅವನು ಮಾತು ಕಡಿಮೆ ಮಾಡಿದ. ಮೊದಲು ಹೊರಗೆ, ಆಮೇಲೆ ಮನೆಯಲ್ಲೂ. ಬೇಕಾದ್ದನ್ನು ಕೈ ಮಾಡಿ ತೋರಿಸುವುದು, ಬೇಡವಾದರೆ ತಲೆ ಅಲ್ಲಾಡಿಸುವುದು. ತೊಟ್ಟಿಲಿನ ಕೆಲಸವೂ ನಿಂತಿತು. ಕಾಕಾ ಬಂದು ಎದುರು ಕೂರುತ್ತಿದ್ದ, ಇಬ್ಬರೂ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು, ಕಾಕಾ ಎದ್ದು ಹೋಗುತ್ತಿದ್ದ. "ಕಲ್ಲಿನ ಮುಂದ ಕುಂತಂಗ ಆಗತೈತಿ ಯವ್ವಾ" ಎಂದು ಕಾಕಾ ನನ್ನ ಮುಂದೆ ಒಮ್ಮೆ ಹೇಳಿದ. ಅವ್ವನಂತೂ ಒಲೆಯ ಮುಂದೆ ಕೂತು ತನ್ನೊಳಗೇ ಮಾತಾಡಿಕೊಳ್ಳುವುದನ್ನು ಕಲಿತಿದ್ದಳು.

ನಾನು ಶನಿವಾರ ಬೆಳಗಿನ ಶಾಲೆ ಮುಗಿಸಿ ರೈಲು ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದೆ. ಅಪ್ಪ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನೋಡಿದೊಡನೆ ಅವನ ಮುಖ ಅರಳುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. "ಊಟಾತೇನಬೇ" ಎಂದು ಒಂದು ಸಲ ಅನ್ನಲಿ ಎಂದು ನಾನು ಎದುರಿಗೇ ನಿಂತಿರುತ್ತಿದ್ದೆ. ಅವನು ಕೈಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸುತ್ತಿದ್ದ. ಅದೇ ಪ್ರಶ್ನೆ, ದನಿ ಇಲ್ಲ.

ಅಂಥ ಒಂದು ಶನಿವಾರ, ಹೊತ್ತು ಹೋಗಲೆಂದು ನನ್ನ ಫೋನಿನಲ್ಲಿ ಅವನಿಗೆ ಕಟ್ಟಿಗೆ ಕೆತ್ತನೆಯ ಚಿತ್ರಗಳನ್ನು ತೋರಿಸುತ್ತಿದ್ದೆ. ಹಾಡು, ಸಿನಿಮಾ ಅವನಿಗೆ ಬೇಡವಾಗಿದ್ದವು. ಇದಕ್ಕೆ ಕಿವಿ ಬೇಕಿಲ್ಲ. ರಥದ ಗಾಲಿ, ಅರಮನೆಯ ಕಂಬ, ಕೇರಳದ ಬಾಗಿಲು ಎಲ್ಲ ದಾಟಿ ನಾರ್ವೆ ದೇಶದ ಒಂದು ಹಳೆಯ ಕಟ್ಟಿಗೆಯ ಚರ್ಚಿನ ಬಾಗಿಲು ಬಂತು. ಕಪ್ಪಾದ ಕಟ್ಟಿಗೆ, ಬಳ್ಳಿಯಂತೆ ಸುತ್ತಿದ ಹಾವು, ಹಾವಿನ ಸುತ್ತಿನೊಳಗೆ ಸಣ್ಣಸಣ್ಣ ಮನುಷ್ಯರು, ಅವರಲ್ಲೊಬ್ಬ ಬೆರಳನ್ನು ಬಾಯಲ್ಲಿ ಇಟ್ಟುಕೊಂಡವನು. ನಾನು ಮುಂದಿನದಕ್ಕೆ ಹೋಗುವಷ್ಟರಲ್ಲಿ ಅಪ್ಪ ನನ್ನ ಕೈ ಹಿಡಿದ. ಫೋನನ್ನು ತನ್ನ ಕಣ್ಣಿನ ಹತ್ತಿರ ಒಯ್ದ.

"ಇಂವ ಯಾಕ ಬಾಯಾಗ ಬಟ್ಟ ಇಟಗೊಂಡಾನ?"

ಬಹಳ ದಿನ ಎಣ್ಣೆ ಕಾಣದ ಬಾಗಿಲಿನಂತೆ ಅವನ ದನಿ ಕಿರುಗುಟ್ಟಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತದ್ದು ನನಗೆ ಕೇಳಿಸಿತು.

ನನಗೆ ಆ ಕಥೆ ಗೊತ್ತಿರಲಿಲ್ಲ. ಅಲ್ಲೇ ಹುಡುಕಿ ಓದಿದೆ. ಆಮೇಲೆ ಫೋನಿನಲ್ಲೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅವನ ಮುಂದೆ ಹಿಡಿದೆ. ಅಪ್ಪ ಓದುವುದು ನಿಧಾನ, ತುಟಿ ಅಲುಗಿಸುತ್ತ ಓದುತ್ತಿದ್ದ. ಬಂಗಾರವನ್ನು ಕಾಯುವ ಒಂದು ಘಟಸರ್ಪ ಇತ್ತು ಎಂದು ಬರೆದೆ. "ನಮ್ಮಲ್ಲೂ ಐತಿ" ಎಂದ. ಒಬ್ಬ ಕಮ್ಮಾರ ಒಬ್ಬ ಹುಡುಗನನ್ನು ಸಾಕಿ, ಅವನಿಗೆ ಖಡ್ಗ ಮಾಡಿಕೊಟ್ಟು, ಅದನ್ನು ಕೊಲ್ಲಲು ಕಳಿಸಿದ ಎಂದು ಬರೆದೆ. ಹುಡುಗ ತಗ್ಗು ತೋಡಿ ಅದರಲ್ಲಿ ಅಡಗಿ ಕೂತು, ಹಾವು ಮೇಲೆ ಹಾಯುವಾಗ ಕೆಳಗಿನಿಂದ ತಿವಿದ. "ಶಾಣ್ಯಾ ಅದಾನ." ಕಮ್ಮಾರ ಆ ಹಾವಿನ ಗುಂಡಿಗೆಯನ್ನು ಸುಟ್ಟುಕೊಡು ಎಂದ. ಬೆಂದಿದೆಯೋ ಇಲ್ಲವೋ ಎಂದು ಹುಡುಗ ಮುಟ್ಟಿ ನೋಡಿದ, ಕೈ ಸುಟ್ಟಿತು, ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡ. ಹಾವಿನ ನೆತ್ತರು ನಾಲಿಗೆಗೆ ತಾಗಿತು. ತಾಗಿದ್ದೇ ತಡ, ಮರದ ಮೇಲಿನ ಹಕ್ಕಿಗಳ ಮಾತು ಅವನಿಗೆ ತಿಳಿಯತೊಡಗಿತು.

ಇಷ್ಟನ್ನು ಓದಿ ಅಪ್ಪ ತಲೆ ಎತ್ತಿದ. ಎದುರಿನ ಬೇವಿನ ಮರದಲ್ಲಿ ಬೆಳವಗಳು ಕೂಗುತ್ತಿದ್ದವು.

"ಏನಂದ್ವು ಹಕ್ಕಿ?" ಎಂದು ಕೇಳಿದ.

ಕಮ್ಮಾರ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ ಎಂದು ಹೇಳಿದವಂತೆ, ಆಗ ಹುಡುಗನೇ ಕಮ್ಮಾರನನ್ನು ಕೊಂದನಂತೆ ಎಂದು ಬರೆದು ತೋರಿಸಿದೆ. ಅಪ್ಪನಿಗೆ ಸಿಟ್ಟು ಬಂತು. "ಖಡ್ಗ ಮಾಡಿಕೊಟ್ಟಾವನ್ನ? ಸಾಕಿದಾವನ್ನ? ಹಕ್ಕಿ ಸುಳ್ಳ ಹೇಳಿರಬೇಕು." ಕಥೆಯಲ್ಲಿ ಹಕ್ಕಿ ಹೇಳಿದ್ದು ಖರೆ ಎಂದು ಬರೆದೆ. ಅವನು ಒಪ್ಪಲಿಲ್ಲ. ಅವತ್ತು ಊಟದ ಹೊತ್ತಿನಲ್ಲೂ ಅದೇ ಮಾತು. ಅವ್ವ ನನ್ನ ಕಡೆ ನೋಡಿ, "ಜಗಳಾಡಲಿ ಬಿಡು. ಮಾತಾಡಾಕತ್ತಾನಲ್ಲ" ಎಂದಳು.

ಮುಂದಿನ ವಾರ ಹೋಗುವಷ್ಟರಲ್ಲಿ ಅಟ್ಟದ ಮೇಲಿನ ಹಲಗೆ ಕೆಳಗಿಳಿದಿತ್ತು. ಯಾವುದೋ ದೊಡ್ಡ ತೊಟ್ಟಿಲಿಗೆಂದು ತೆಗೆದಿಟ್ಟ ಹಳೆಯ ಸಾಗವಾನಿ ಅದು. ಸೀಮೆಸುಣ್ಣದಲ್ಲಿ ಮರ, ಬೆಂಕಿ, ಹುಡುಗ ಎಲ್ಲ ಗುರುತಾಗಿದ್ದವು. "ಕೊಲ್ಲೂದು ಮಾಡಂಗಿಲ್ಲ ನಾ. ಇಂವ ಕೇಳಾಕತ್ತಾನ. ಇನ್ನೂ ಏನೂ ಮಾಡಿಲ್ಲ. ಅಲ್ಲಿಗೇ ನಿಲ್ಲಸ್ತೇನಿ" ಎಂದ.

ಆ ಮಳೆಗಾಲ, ಆಮೇಲಿನ ಚಳಿಗಾಲ ಹಲಗೆಯ ಕೆಲಸ ನಡೆಯಿತು. ಪ್ರತಿ ಶನಿವಾರ ಹೊಸ ಪ್ರಶ್ನೆ ಕಾದಿರುತ್ತಿತ್ತು. ಚರ್ಚಿನ ಬಾಗಿಲಿಗೆ ಹಾವು ಕೊಂದವನ ಕಥೆ ಯಾಕೆ? ಅವರ ಹಳೆಯ ದೇವರು ಬೇರೆ ಇದ್ದರು, ಆಮೇಲೆ ಕ್ರಿಸ್ತನ ದಾರಿ ಹಿಡಿದರು, ಆದರೂ ಹಳೆಯ ಕಥೆ ಬಿಡಲು ಮನಸ್ಸು ಬಂದಿಲ್ಲ ಎಂದು ಬರೆದೆ. "ಎಲ್ಲಿ ಬಿಡಾಕ ಬರತೈತಿ" ಎಂದ. ಅದೇ ನಾಡಿನ ಇನ್ನೊಂದು ಕೆತ್ತನೆಯಲ್ಲಿ ಕೊಡಲಿ ಹಿಡಿದು ನಿಂತ ಒಬ್ಬನಿದ್ದ. ಅವನು ಅಲ್ಲಿಯ ಅರಸನಾಗಿದ್ದ, ಕಾಳಗದಲ್ಲಿ ಕೊಡಲಿಯ ಏಟು ಬಿದ್ದು ಸತ್ತ, ಆಮೇಲೆ ಜನ ಅವನನ್ನು ಸಂತನೆಂದು ನಂಬಿ ನಡೆದುಕೊಂಡರು ಎಂದು ತಿಳಿಸಿದೆ.

"ತನ್ನ ಕೊಂದ ಕೊಡ್ಲಿನ ತಾನ ಹಿಡಕೊಂಡು ನಿಂತಾನ?"

ಹೌದು ಎಂದು ಬರೆದೆ.

"ಇಂವಗೂ ಜಾಗಾ ಮಾಡತೇನಿ" ಎಂದ ಅಪ್ಪ.

ಪರದೇಶದ ಸಂತ ಬಂದ ಮೇಲೆ ನಮ್ಮವರು ಬೇಡವೇ? ಶರಣನನ್ನು ಕೂರಿಸಿದ, ಅವನ ಮುಖ ನನ್ನ ಮುತ್ತಜ್ಜನದು ಎಂದು ಅವ್ವ ಗುರುತಿಸಿದಳು. ದರ್ಗಾದ ಸಂತ ವಲಿಯನ್ನೂ ಮಾಡುತ್ತೇನೆಂದು ಹೊರಟಾಗ ಕಾಕಾ ತಡೆದ. ನನ್ನ ಕಡೆ ತಿರುಗಿ, "ಅವಗ ಬರದು ತೋರಸ ಯವ್ವಾ. ವಲಿಗೋಳ ಮುಖಾ ಮಾಡಬಾರ್ದು. ನಮ್ಮಲ್ಲಿ ನಡ್ಯಂಗಿಲ್ಲ" ಎಂದ. ತೋರಿಸಿದೆ. ಅಪ್ಪ ಕಾಕಾನ ಮುಖ ನೋಡಿ, ಹಲಗೆ ನೋಡಿ, "ಹಂಗಾದ್ರ ಈಗಷ್ಟ ಎದ್ದು ಹೋಗ್ಯಾರ ಅನ್ನೂಣು. ಚಾಪಿ ಮಾಡತೇನಿ, ದೀಪಾ ಮಾಡತೇನಿ" ಎಂದ. ಕಾಕಾ ತಲೆಯಾಡಿಸಿದ, ಅವನ ಕಣ್ಣು ಹನಿಗೂಡಿತ್ತು.

ಅದೇ ಕಾಕಾ ಚಳಿಗಾಲದ ಕೊನೆಗೆ ಮುನಿಸಿಕೊಂಡ. ಕೆತ್ತನೆ ಮುಗಿಯುತ್ತ ಬಂದಿತ್ತು. ಕಾಕಾ ಅರಗು, ಬಣ್ಣ, ಕುಂಚ ಎಲ್ಲ ಹೊಂದಿಸಿಕೊಂಡು ಬಂದರೆ ಅಪ್ಪ ಕೈ ಅಡ್ಡ ಹಿಡಿದ. "ಇದಕ್ಕ ಬಣ್ಣ ಬ್ಯಾಡ." ಆ ಚರ್ಚಿನ ಬಾಗಿಲಿಗೆ ಬಣ್ಣವಿರಲಿಲ್ಲ, ಉಳಿಯ ಒಂದೊಂದು ಗುರುತೂ ಕಾಣುತ್ತಿತ್ತು. ಅವನಿಗೆ ಹಾಗೇ ಬೇಕಾಗಿತ್ತು.

ಕಾಕಾ ಕುಂಚವನ್ನು ಮತ್ತೆ ಚೀಲಕ್ಕೆ ಹಾಕಿದ. "ಜಲ್ಮಾ ಪೂರ್ತಿ ಇವನ ಕಟಗಿಗೆ ನನ್ನ ಬಣ್ಣ ಹಚ್ಚೇನಿ. ಇವತ್ತ ಇವಗ ಅದು ಬ್ಯಾಡಾತು. ಬಣ್ಣ ಅಂದ್ರ ಇವನ ಕೆಲಸಾ ಮುಚ್ಚೂದು ಅಂತ ತಿಳದಾನೇನು?" ಎಂದು ನನಗೆ ಹೇಳಿ ನಡೆದುಬಿಟ್ಟ. ನಾನು ಅದನ್ನು ಒಂದಕ್ಷರ ಬಿಡದೆ ಬರೆದು ಅಪ್ಪನಿಗೆ ತೋರಿಸಿದೆ. ಅವನು ಓದಿ ಫೋನನ್ನು ನನ್ನ ಕೈಗೆ ಮರಳಿಸಿದ. ಆಮೇಲಿನ ವಾರಗಳಲ್ಲಿ ಕಾಕಾ ನಮ್ಮ ಕಟ್ಟೆಗೆ ಬರಲಿಲ್ಲ. ಅಪ್ಪ ಉಳಿ ಹಿಡಿಯುವನು, ಓಣಿಯ ಕಡೆ ನೋಡುವನು, ಇಡುವನು. ಕಿವಿ ಕೇಳುತ್ತಿದ್ದಾಗ ಕಾಕಾನ ಹಾಡು ಬೇಕಿತ್ತು, ಈಗ ಅವನು ಎದುರು ಕೂರುವುದಷ್ಟೇ ಉಳಿದಿತ್ತು, ಅದೂ ಇಲ್ಲದೆ ಕೆಲಸ ಸಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡ. "ಬಾಬೇ, ಹೋಗೂಣು" ಎಂದ. ಇಬ್ಬರೂ ಹಿಂದಿನ ಓಣಿಗೆ ಹೋದೆವು. ಕಾಕಾ ಬಾಗಿಲಲ್ಲಿ ಕೂತಿದ್ದ. ಅಪ್ಪ ಅವನ ಮುಂದೆ ನಿಂತು, ಇಡೀ ಓಣಿಗೆ ಕೇಳುವ ಹಾಗೆ ಹೇಳಿದ: "ಲೇ, ಹಕ್ಕಿ ಬರೇ ಕಟಗಿ ಅದಾವಲೇ. ಬಾಯಿ ತಗದಾವ, ಜೀವ ಇಲ್ಲ. ಅವಕ್ಕ ನೀನ ಬಣ್ಣಾ ಹಚ್ಚಬೇಕು. ಹಕ್ಕಿಗಷ್ಟ." ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ಈ ಸಲ ಅಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಕಾಕಾ ಎದ್ದು ನಿಂತು, "ಚಾಪಿಗೆ ಹಸರ ಹಚ್ಚತೇನಿ. ಕೇಳ ಅವನ್ನ" ಎಂದ. ನಾನು ಬರೆದೆ. ಅಪ್ಪ ನಕ್ಕ.

ಬಣ್ಣ ಹಚ್ಚಿದ ದಿನ ನಾನು ಅಲ್ಲೇ ಇದ್ದೆ. ಹಲಗೆಯನ್ನು ಎರಡು ಮಣೆಯ ಮೇಲೆ ಮಲಗಿಸಿದ್ದರು. ಕಾಕಾ ಅದರ ಮೇಲೆ ಬಾಗಿ, ಹಕ್ಕಿಯ ರೆಕ್ಕೆಗೆ ಹಳದಿ ಹಚ್ಚುತ್ತ, ರೂಢಿಯಂತೆ ತತ್ವಪದವೊಂದನ್ನು ಎತ್ತಿದ. ಎದುರು ಕೂತ ಅಪ್ಪ ಕಾಕಾನ ಗಂಟಲು ಆಡುವುದನ್ನು ನೋಡಿದ. ಮೆಲ್ಲಗೆ ಅಂಗೈಯನ್ನು ಹಲಗೆಯ ಮೇಲೆ ಊರಿದ. ಕಾಕಾನ ಎದೆ ಹಲಗೆಯ ಅಂಚಿಗೆ ತಾಗಿತ್ತು. ಅಪ್ಪ ಕಣ್ಣು ಮುಚ್ಚಿದ. ಅವನ ಬೆರಳುಗಳು ಸಣ್ಣಗೆ ತಾಳ ಹಾಕತೊಡಗಿದವು. ಆಮೇಲೆ ಒಂದು ಹಾಡಿನ ಹೆಸರು ಹೇಳಿ, "ಅದ ಅಲ್ಲೇನಲೇ?" ಎಂದು ಕೇಳಿದ.

ಅದಾಗಿರಲಿಲ್ಲ. ಕಾಕಾ ಹಾಡುತ್ತಿದ್ದದ್ದು ಬೇರೆಯೇ ಪದ. ಅವನು ನನ್ನ ಕಡೆ ಒಮ್ಮೆ ನೋಡಿದ. ಅಪ್ಪನತ್ತ ತಿರುಗಿ ಹೌದೆಂದು ತಲೆಯಾಡಿಸಿದ. ಹಾಡುತ್ತಿದ್ದ ಪದವನ್ನು ಅಲ್ಲಿಗೇ ಬಿಟ್ಟು, ಅಪ್ಪ ಹೇಳಿದ ಪದವನ್ನು ಮೊದಲಿಂದ ಎತ್ತಿಕೊಂಡ. ಕೊನೆಯ ನುಡಿಯವರೆಗೂ ಹಾಡಿದ. ಅಪ್ಪ ಕೈ ತೆಗೆಯಲಿಲ್ಲ. ಅವ್ವ ಬಾಗಿಲಿಗೆ ಆತು ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು.

ಹಲಗೆ ಮುಗಿದ ಮೇಲೂ ಅಪ್ಪ ಮಾತು ನಿಲ್ಲಿಸಲಿಲ್ಲ. ಓಣಿಯವರನ್ನು ಕರೆದು ಹಕ್ಕಿಮಾತಿನ ಕಥೆ ಹೇಳುತ್ತಿದ್ದ. ತನಗೆ ಸರಿಕಂಡಂತೆ ತಿದ್ದಿ ಹೇಳುತ್ತಿದ್ದ. ಅವನ ಕಥೆಯಲ್ಲಿ ಹಕ್ಕಿಗಳು ಕಮ್ಮಾರನ ಹೆಸರು ತೆಗೆಯುತ್ತಲೇ ಇರಲಿಲ್ಲ, ಮಳೆ ಯಾವಾಗ ಬರುತ್ತದೆ ಎಂದು ಹೇಳುತ್ತಿದ್ದವು. ಶನಿವಾರ ಬಸ್ಸು ಇಳಿದರೆ "ಊಟಾತೇನಬೇ?" ಎಂದು ದೂರದಿಂದಲೇ ಕೂಗುತ್ತಿದ್ದ. ನನಗೆ ಉಂಡಿದ್ದರೂ "ಇಲ್ಲ" ಎಂದು ಕೈ ಆಡಿಸುವ ಆಸೆ. ಯಾಕ ಎಂದು ಇನ್ನೊಮ್ಮೆ ಕೂಗಲಿ ಎಂದು.

ಒಂದು ಪೂರ್ತಿ ವರ್ಷವೂ ಸಿಗಲಿಲ್ಲ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಅಪ್ಪನಿಗೆ ಜ್ವರ ಬಂತು, ಎದೆಗೆ ಇಳಿಯಿತು, ಧಾರವಾಡದ ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಉಸಿರಿನ ಕೊಳವೆ ಇತ್ತು. ಮಾತಾಡಲು ಆಗಲಿಲ್ಲ. ನಾನು ಬರೆದು ತೋರಿಸುತ್ತಿದ್ದೆ, ಅವನು ಕಣ್ಣು ಮುಚ್ಚಿ ತೆಗೆಯುತ್ತಿದ್ದ.

ಎಲ್ಲ ಮುಗಿದ ಮೇಲೆ ಅವನ ದನಿಗಾಗಿ ಫೋನೆಲ್ಲ ಹುಡುಕಿದೆ. ಒಂದೂ ಇರಲಿಲ್ಲ. ಅವನು ಮಾತಾಡುವಾಗಲೆಲ್ಲ ಫೋನು ನನ್ನ ಕೈಯಲ್ಲೇ ಇತ್ತು, ನಾನು ಬರೆಯುತ್ತಿದ್ದೆ. ಅದರಲ್ಲಿ ಈಗಲೂ ನಾನು ಬರೆದ ಸಾಲುಗಳೆಲ್ಲ ಇವೆ. "ಹೌದು, ಕೊಡಲಿ." "ಇಲ್ಲಪ್ಪ, ಅಲ್ಲಿ ಬೇವಿನ ಮರ ಇರುವುದಿಲ್ಲ." "ಹಕ್ಕಿ ಯಾವ ಜಾತಿಯದೋ ಕಥೆಯಲ್ಲಿ ಬರೆದಿಲ್ಲ." ಎಲ್ಲ ಉತ್ತರಗಳೇ. ಯಾವ ಪ್ರಶ್ನೆಗೆ ಎಂದು ಕೆಲವು ನೆನಪಿವೆ, ಕೆಲವು ಇಲ್ಲ. ಮಕ್ಕಳು ಪರೀಕ್ಷೆ ಬರೆಯುವಾಗ ಕೋಣೆಯಲ್ಲಿ ಸುಮ್ಮನೆ ಕೂತಿರುವ ಹೊತ್ತಿನಲ್ಲಿ ಅವನ್ನು ತೆಗೆದು ಓದುತ್ತೇನೆ. ಅವನ ದನಿಯನ್ನು ಕಿವಿಗೆ ತಂದುಕೊಳ್ಳಲು ನೋಡುತ್ತೇನೆ. ಮಾತು ಬರುತ್ತದೆ. ದನಿ ಮಾತ್ರ ಬಂದಂತಾಗಿ ಜಾರುತ್ತದೆ.

ಅವ್ವ ಈಗ ನನ್ನ ಹತ್ತಿರ ಇದ್ದಾಳೆ. ಹಲಗೆಯನ್ನೂ ಅವಳ ಜೊತೆಗೇ ತಂದೆ. ಕಳೆದ ಬೇಸಿಗೆಯಲ್ಲಿ ಕಾಕಾ ಒಬ್ಬನೇ ಗುಡಗೇರಿಗೆ ಬಂದ. ಅಷ್ಟು ದೂರ ಯಾಕೆ ಬಂದಿರಿ ಎಂದರೆ, "ಸಂತಿ ನೋಡಾಕ" ಎಂದು ಸುಳ್ಳು ಹೇಳಿದ. ಅವತ್ತು ಸಂತೆಯ ದಿನವೇ ಆಗಿರಲಿಲ್ಲ. ಅವ್ವ ಅವನನ್ನು ನೋಡಿ ಅತ್ತಳು, ಆಮೇಲೆ ಅಡಿಗೆಮನೆಗೆ ಹೋದಳು. ಕಾಕಾ ಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತ.

"ನಿನಗ ಒಂದು ಹೇಳಿಲ್ಲ ಯವ್ವಾ" ಎಂದ. "ನೀ ಇಲ್ಲದಾಗ ಒಂದು ದಿನ ನಿಮ್ಮಪ್ಪ ನನ್ನ ಕೇಳಿದ."

"ಏನ್ ಕೇಳಿದ ಕಾಕಾ?"

"ಮಗಳ ದನಿ ಈಗ ಹೆಂಗಾಗೇತಿ ಅಂತ. ತಾ ಕೇಳಿದ್ದು ಎಷ್ಟೋ ವರ್ಷದ ಹಿಂದಿಂದು ಅಂದ. ಸಾಲ್ಯಾಗ ಒದರಿ ಒದರಿ ಒಡದೇತೇನು, ಮೊದಲಿನಂಗ ಐತೇನು, ಅಂತ ಕೇಳಿದ."

ನಾನು ಅವನ ಮುಂದೆ ಕೂತು ಎಷ್ಟೆಲ್ಲ ಬರೆದಿದ್ದೆ. ಬರೆಯುವಾಗ ಬಾಯಿಂದಲೂ ಹೇಳುತ್ತಿದ್ದೆ. ಅವನು ನನ್ನ ಬಾಯಿ ನೋಡುತ್ತಿದ್ದದ್ದು ಅಕ್ಷರ ತಿಳಿಯದ್ದಕ್ಕೆ ಎಂದುಕೊಂಡಿದ್ದೆ.

"ನೀವೇನ್ ಹೇಳಿದ್ರಿ?"

"ಏನ್ ಹೇಳ್ಲಿ? ಹೆಂಗ್ ಹೇಳ್ಲಿ? ನಿಮ್ಮವ್ವ ಅಂಗಳದಾಗ ಯಾರ ಜೋಡಿನೋ ಮಾತಾಡಕೋತ ನಿಂತಿದ್ಲು. ಅಕಿ ಕಡೆ ಕೈ ಮಾಡಿ ತೋರಿಸಿದೆ. ಅಕಿ ದನಿ ಪ್ರಾಯದಾಗ ಹೆಂಗಿತ್ತೋ ಹಂಗ ಅಂತ ಸನ್ನಿ ಮಾಡಿದೆ. ಅವಗ ಗೊತ್ತಾತು. ಗೊತ್ತಾಗಿ ಭಾಳ ಹೊತ್ತ ಅಕಿನ್ನ ನೋಡಕೋತ ಕುಂತ."

ಅವ್ವ ಅವಲಕ್ಕಿಯ ತಾಟು ತಂದಿಟ್ಟಳು. "ಏನ್ ಮಾತ್ರಿ ಅಣ್ಣಾರ, ನಾ ಬಂದಕೂಡ್ಲೇ ನಿಂತ್ವು?" ಎಂದಳು. ಕಾಕಾ, "ಏನಿಲ್ಲ ವೈನಿ. ಉಪ್ಪ ಸ್ವಲ್ಪ ಹೆಚ್ಚಾಗೇತಿ" ಎಂದ, ಇನ್ನೂ ಬಾಯಿಗೆ ಇಟ್ಟಿರಲೇ ಇಲ್ಲ.

ಸಂಜೆಯ ರೈಲಿಗೆ ಅವನನ್ನು ಹತ್ತಿಸಲು ಸ್ಟೇಶನ್ನಿಗೆ ಹೋದೆ. ಬಿಸಿಲು ಇಳಿದಿತ್ತು. ಹಳಿಯ ಆಚೆಗೆ ಎರೆಹೊಲ ಬಿರಿದು ಮಲಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕಾಕಾ, "ಏನರ ಮಾತಾಡ ಯವ್ವಾ" ಎಂದ. ನಾನು ಶಾಲೆಯ ಸುದ್ದಿ ಹೇಳಿದೆ, ಮನೆಯವರಿಗೆ ವರ್ಗವಾಗುವ ಮಾತು ನಡೆದಿರುವುದನ್ನು ಹೇಳಿದೆ, ಅವ್ವನ ಮೊಣಕಾಲು ನೋವಿನ ಬಗ್ಗೆ ಹೇಳಿದೆ. ಅವನು ಕೇಳುತ್ತ ಕೂತಿದ್ದ. ರೈಲು ತಡವಾಗಿತ್ತು. ಹೇಳುವುದೆಲ್ಲ ಮುಗಿದ ಮೇಲೂ ನಾನು ಮಾತಾಡುತ್ತಲೇ ಇದ್ದೆ.